ನಿನ್ನೆಸ್ರ ಎಲ್ಲಿ ಬರಸ್ಲಿ ಮೊಗ?

2025ರ ಮೇ ತಿಂಗಳು, ಒಂದು ಭಾನುವಾರ ಬೆಳಗ್ಗೆ. ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಊರಿಂದ ಅವ್ವನ ಫೋನು.

“ಮೊಗ, ಮೇಷ್ಟ್ರು ಬಂದವ್ರೆ, ಜಾತಿ ಬರ್ಕೊಳಕೆ. ಎ.ಕೆ. ಅಂದಿ. ಅಷ್ಟಂದ್ರೆ ಸಾಲ್ದಂತೆ. ಎ.ಕೆ.ಲಿ ಯಾವ್ದು ಅಂತ ಕೇಳ್ತಾವ್ರೆ. ಏನ್ ಹೇಳ್ಲಿ?”

ನಾನು ಹೇಳಿದೆ. ಅವ್ವ ಅದನ್ನೇ ಮೇಷ್ಟ್ರಿಗೆ ಹೇಳಿದ್ದು ಫೋನಲ್ಲಿ ಕೇಳಿಸ್ತು, ಸ್ವಲ್ಪ ದನಿ ಇಳಿಸಿ. ಆಮೇಲೆ ಇನ್ನೊಂದು ಪ್ರಶ್ನೆ.

“ನಿನ್ನೆಸ್ರ ಎಲ್ಲಿ ಬರಸ್ಲಿ ಮೊಗ? ಇಲ್ಲೇ ಸೇರ್ಸದಾ, ಇಲ್ಲ ಬೆಂಗ್ಳೂರಲ್ಲೇ ಬರುಸ್ಕಂಡಯಾ?”

“ಊರಲ್ಲೇ ಬರ್ಸವ್ವ” ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಫೋನ್ ಇಟ್ಟ ಮೇಲೆ ಒಂಥರಾ ಹೆಮ್ಮೆ ಆಯ್ತು. ಹದಿನೈದು ವರ್ಷದಿಂದ ಬೆಂಗಳೂರಲ್ಲಿದ್ರೂ ನಾನಿನ್ನೂ ಊರಿನ ಲೆಕ್ಕಕ್ಕೆ ಸೇರಿದವನು ಅಂತ. ಆ ಹೆಮ್ಮೆಯಲ್ಲಿ ಎಷ್ಟು ಸುಳ್ಳಿತ್ತು ಅನ್ನೋದು ಗೊತ್ತಾಗೋಕೆ ಐದು ತಿಂಗಳು ಬೇಕಾಯ್ತು. ಅದನ್ನ ಕೊನೆಗೆ ಹೇಳ್ತೀನಿ. ಅದಕ್ಕೆ ಮುಂಚೆ ನಮ್ಮ ಸೀಮೆಯ ಜನರನ್ನ ಯಾರು, ಯಾವಾಗ, ಹೇಗೆ ಎಣಿಸಿದರು ಅನ್ನೋ ಕತೆ ಹೇಳಬೇಕು. ನನ್ನ ಹೊಟ್ಟೆಪಾಡು ಡೇಟಾಬೇಸಿನದ್ದು. ದಿನಾ ಬೇರೆ ಯಾರದೋ ಊರಿನ ಸಾಲುಗಳನ್ನ ತಿದ್ದಿ ತೀಡಿ ಇಡ್ತೀನಿ. ನಮ್ಮೂರಿನ ಸಾಲುಗಳನ್ನ ಒಂದು ಸಲನೂ ನೋಡಿರಲಿಲ್ಲ.

ನಮ್ಮೂರು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಇದೆ. ನಂಜನಗೂಡನ್ನ ಬಳಸಿ ಬರುವ ಕಪಿಲೆ, ಅಂದ್ರೆ ಕಬಿನಿ, ಮುಂದೆ ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತೆ. ಈ ಸೀಮೆಯ ಚರಿತ್ರೆ ಅಂದ ಕೂಡಲೇ ಸ್ಕೂಲಲ್ಲಿ ನಮಗೆ ಹೇಳಿಕೊಟ್ಟಿದ್ದು ಹದಿನಾರು ಗ್ರಾಮಕ್ಕೆ ಬಂದ ಯದುರಾಯನ ಕತೆ, ನಂಜುಂಡೇಶ್ವರನ ಗೋಪುರ, 1735ರ ಕಲ್ಲಿನ ಸೇತುವೆ, 1891ರಲ್ಲಿ ಬಂದ ರೈಲು, ತಲಕಾಡಿನ ಮರಳು, ಸೋಮನಾಥಪುರದ ಶಿಲ್ಪ. ಎಲ್ಲಾ ಸರಿ. ಆದರೆ ಆ ಸೇತುವೆಗೆ ಕಲ್ಲು ಹೊತ್ತವರು ಎಷ್ಟು ಜನ, ಏನು ಉಣ್ಣುತ್ತಿದ್ರು, ಎಷ್ಟು ವರ್ಷ ಬದುಕುತ್ತಿದ್ರು ಅನ್ನೋದು ಯಾವ ಪಾಠದಲ್ಲೂ ಇರಲಿಲ್ಲ. ಅದು ಸಿಗೋದಿದ್ದರೆ ಜನಗಣತಿಯಲ್ಲಿ ಸಿಗಬೇಕು ಅಂದುಕೊಂಡೆ.

ಮೊದಲು ಅಜ್ಜಿಯ ವಿಷಯ. ಅಜ್ಜಿಗೆ ಅವಳ ವಯಸ್ಸು ಗೊತ್ತಿರಲಿಲ್ಲ. “ದೊರೆ ಹೋದ ವರ್ಸ ನಾನು ದೊಡ್ಡೋಳಾದಿ” ಅಂತಿದ್ಲು. ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡಿದ್ದು 1940ರ ಆಗಸ್ಟ್‌ನಲ್ಲಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅವಳು ಹುಟ್ಟಿದ್ದು 1926ರ ಆಸುಪಾಸು. ನಮ್ಮಪ್ಪನ ಹುಟ್ಟಿದ ದಿನ ಜೂನ್ 1. ಚಿಕ್ಕಪ್ಪನದ್ದೂ ಜೂನ್ 1. ಹಳ್ಳಿಯಿಂದ ಬಂದ ಓದುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದು. ಜನಗಣತಿಯ ಹಳೆಯ ವಯಸ್ಸಿನ ಪಟ್ಟಿಗಳಲ್ಲೂ ಇದೇ ತಮಾಷೆ. ಮೂವತ್ತು, ಮೂವತ್ತೈದು, ನಲವತ್ತರ ಹತ್ತಿರ ಜನ ಗುಂಪುಗುಂಪಾಗಿ ನಿಂತಿರ್ತಾರೆ. ಮೂವತ್ತೊಂದು, ಮೂವತ್ಮೂರು ಖಾಲಿ ಖಾಲಿ. ವಯಸ್ಸು ಗೊತ್ತಿಲ್ಲದವರು ಐದು, ಹತ್ತರ ಲೆಕ್ಕದಲ್ಲೇ ಹೇಳೋದು. ಇದನ್ನ ಸರಿಪಡಿಸೋಕೆ ಜನಸಂಖ್ಯಾ ಶಾಸ್ತ್ರದಲ್ಲಿ ಸೂತ್ರಗಳೇ ಇವೆ. ಅಜ್ಜಿ ಅಂಥವರಿಗಾಗಿಯೇ ಕಟ್ಟಿದ ಸೂತ್ರಗಳು ಅಂದುಕೊಳ್ತೀನಿ.

ಅಜ್ಜಿಗೆ ಅವಳ ಅಜ್ಜಿ ಹೇಳಿದ ಒಂದು ಮಾತಿತ್ತು: “ಧಾತು ಈಶ್ವರದ ಬರ.” ನಾವು ತಟ್ಟೆಯಲ್ಲಿ ಅನ್ನ ಬಿಟ್ಟರೆ ಆ ಬರದ ಹೆಸರು ಬರ್ತಿತ್ತು. ಧಾತು, ಈಶ್ವರ ಅನ್ನೋದು ಎರಡು ಸಂವತ್ಸರಗಳ ಹೆಸರು, 1876 ಮತ್ತು 1877 ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಮೈಸೂರು ಸಂಸ್ಥಾನದ ಮೊದಲ ವ್ಯವಸ್ಥಿತ ಗಣತಿ ನಡೆದದ್ದು 1871ರಲ್ಲಿ. ಆಗ ಸಿಕ್ಕ ಸಂಖ್ಯೆ 50,55,412. ಹತ್ತು ವರ್ಷ ಬಿಟ್ಟು 1881ರಲ್ಲಿ ಮತ್ತೆ ಎಣಿಸಿದಾಗ 41,86,188. ಎರಡನ್ನೂ ಕಳೆದು ನೋಡಿ: 8,69,224. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ನೂರಕ್ಕೆ ಹದಿನೇಳರಷ್ಟು ಕಮ್ಮಿ ಆದರು. ಕೆಲವರು ಗುಳೆ ಹೋಗಿರಬಹುದು. ಉಳಿದವರು ಸತ್ತರು. ಹುಟ್ಟಬೇಕಿದ್ದ ಮಕ್ಕಳು ಹುಟ್ಟಲಿಲ್ಲ. 1891ಕ್ಕೂ ಆ ಹಳ್ಳ ತುಂಬಲಿಲ್ಲ, ಆಗಿನ ಸಂಖ್ಯೆ 49,43,604. 1901ರಲ್ಲಿ 55,39,399 ಆದಾಗ ಮಾತ್ರ ಸಂಸ್ಥಾನ 1871ರ ಗೆರೆ ದಾಟಿತು. ಒಂದು ಬರ ತೋಡಿದ ಗುಂಡಿ ಮುಚ್ಚೋಕೆ ಇಪ್ಪತ್ತು ವರ್ಷದ ಮೇಲೆ ಬೇಕಾಯ್ತು.

ಅಷ್ಟರಲ್ಲಿ ಪ್ಲೇಗು. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟಿದ್ದು ವರ್ಷಗಟ್ಟಲೆ ಹೋಗಲಿಲ್ಲ. ಇಲಿ ಬಿದ್ದ ಸುದ್ದಿ ಬಂದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರೋದು. 1918ರಲ್ಲಿ ಇನ್‌ಫ್ಲುಯೆಂಜಾ. 1911ರಲ್ಲಿ 58,06,193 ಇದ್ದ ಜನ 1921ರಲ್ಲಿ 59,78,892. ಹತ್ತು ವರ್ಷಕ್ಕೆ ನೂರಕ್ಕೆ ಮೂರರಷ್ಟೇ ಹೆಚ್ಚಳ. ಕೋವಿಡ್ ಸಮಯದಲ್ಲಿ ನಾವು ಮನೆಯಲ್ಲಿ ಕೂತು ಗ್ರಾಫ್ ನೋಡ್ತಿದ್ವಲ್ಲ, ಹಂಗೆ ಈ ನಾಲ್ಕೈದು ಸಂಖ್ಯೆಗಳನ್ನ ಗ್ರಾಫ್ ಹಾಕಿ ನೋಡಿದೆ. ಅಜ್ಜಿಯ ಅಜ್ಜಿ ಹೇಳಿದ್ದೆಲ್ಲಾ ಅದರಲ್ಲಿತ್ತು. ಅವಳ ಹೆಸರು ಮಾತ್ರ ಇರಲಿಲ್ಲ.

ಈಗ ಮೊದಲನೆಯ ಶ್ರೀನಿವಾಸರ ಕತೆ. 1931ರ ಮೈಸೂರು ಸಂಸ್ಥಾನದ ಜನಗಣತಿ ವರದಿ ಬರೆದ ಅಧಿಕಾರಿಯ ಹೆಸರು ಎಂ. ವೆಂಕಟೇಶ ಅಯ್ಯಂಗಾರ್. ನಮ್ಮ ಮಾಸ್ತಿ. ‘ಶ್ರೀನಿವಾಸ’ ಅನ್ನೋ ಕಾವ್ಯನಾಮದಲ್ಲಿ ಬರೆಯುತ್ತಿದ್ದ, ನಾವೆಲ್ಲ ಸಣ್ಣಕತೆಗಳ ಜನಕ ಅಂತ ಓದಿದ ಅದೇ ಮಾಸ್ತಿ. ಆಗ ಗಣತಿ ಅಂದರೆ ಒಂದೇ ರಾತ್ರಿಯ ಲೆಕ್ಕ. ಮೊದಲೇ ಮನೆಮನೆಗೆ ನಂಬರು ಹಾಕಿ ಪಟ್ಟಿ ತಯಾರು ಮಾಡಿರ್ತಿದ್ರು. 1931ರ ಫೆಬ್ರವರಿ 26ರ ರಾತ್ರಿ ಲಾಂದ್ರ ಹಿಡಿದು ಹೋಗಿ, ಹುಟ್ಟಿದವರನ್ನ ಸೇರಿಸಿ, ಸತ್ತವರನ್ನ ಹೊಡೆದುಹಾಕಿ ಲೆಕ್ಕ ಮುಗಿಸಿದ್ರು. ಒಟ್ಟು 65,57,302. ಐದು ವರ್ಷದ ನಮ್ಮಜ್ಜಿ ಆ ರಾತ್ರಿ ಯಾವುದೋ ಗುಡಿಸಲಿನಲ್ಲಿ ಮಲಗಿದ್ದಿರಬೇಕು. ಆ 65 ಲಕ್ಷದ ಕೊನೆಯ ಅಂಕಿಯಲ್ಲಿ ಅವಳದ್ದೂ ಒಂದು.

ಆ ಕಾಲದ ಮೈಸೂರು ಎಷ್ಟೋ ವಿಷಯದಲ್ಲಿ ಮುಂದಿತ್ತು. 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಹೊರಡಿಸ್ತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯವು ಅಂತ ಅವಕ್ಕೆ ಹೆಸರು. ಆ ಸುದ್ದಿ ನಮ್ಮ ಕೇರಿಗೆ ಬರಲಿಲ್ಲ. ಅಜ್ಜಿ ಒಂಬತ್ತು ಹೆತ್ತು ನಾಲ್ಕು ಉಳಿಸಿಕೊಂಡಳು. ಅವ್ವ ಮೂರು ಹೆತ್ತಳು, ಮೂರೂ ಉಳಿದೆವು. ನಮಗಿರೋದು ಒಬ್ಬಳು ಮಗಳು. 1951ರ ಸುಮಾರಿಗೆ ಭಾರತದವರ ಸರಾಸರಿ ಆಯಸ್ಸು 32 ವರ್ಷ. ಈಗ ಎಪ್ಪತ್ತರ ಆಸುಪಾಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಂದು ಮನೆಯ ಮೂರು ತಲೆಮಾರಲ್ಲೇ ಇಡೀ ದೇಶದ ಗ್ರಾಫ್ ಕಾಣುತ್ತೆ.

1931ರ ಗಣತಿಗೆ ಇನ್ನೊಂದು ಮಹತ್ವ ಇದೆ. ದೇಶದಲ್ಲಿ ಎಲ್ಲಾ ಜಾತಿಗಳನ್ನೂ ಎಣಿಸಿ, ಲೆಕ್ಕ ಅಚ್ಚು ಹಾಕಿದ ಕೊನೆಯ ಜನಗಣತಿ ಅದು. 1941ರಲ್ಲಿ ಆ ಪಟ್ಟಿ ಬರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪರಿಶಿಷ್ಟ ಜಾತಿ, ಪಂಗಡ ಬಿಟ್ಟರೆ ಬೇರೆಯವರ ಜಾತಿ ಎಣಿಸೋದು ನಿಂತುಹೋಯ್ತು. ಆ ಮೈಸೂರು ವರದಿಯಲ್ಲಿ ನಮ್ಮ ಜನಕ್ಕೆ ಒಂದು ಹೆಸರು ಸಿಗುತ್ತೆ: ಆದಿ ಕರ್ನಾಟಕ. ‘ಪಂಚಮ’ ಅಂತ ಕರೆಯುತ್ತಿದ್ದುದನ್ನ ಬಿಟ್ಟು ಮೈಸೂರು ಸರ್ಕಾರ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋ ಹೆಸರುಗಳನ್ನ ಬಳಕೆಗೆ ತಂದದ್ದು 1920ರ ದಶಕದಲ್ಲಿ. ಈ ನಾಡಿನ ಮೊದಲಿಗರು ಅನ್ನೋ ಅರ್ಥ. ಬೈಗುಳವಾಗಿದ್ದ ಹೆಸರಿನ ಜಾಗಕ್ಕೆ ಗೌರವದ ಹೆಸರು. ನಮ್ಮ ತಾತಂದಿರು ಅದನ್ನ ಎರಡೂ ಕೈಯಲ್ಲಿ ಇಸ್ಕೊಂಡ್ರು. ಇವತ್ತಿಗೂ ಮೈಸೂರು ಸೀಮೆಯ ಎಷ್ಟೋ ಊರಲ್ಲಿ ಒಂದು ‘ಎ.ಕೆ. ಕಾಲೋನಿ’ ಇದೆ. ನನ್ನ ಸರ್ಟಿಫಿಕೇಟಲ್ಲಿ ಇರೋದೂ ಅದೇ.

ಎಣಿಕೆ ಬರೀ ಎಣಿಕೆಯಾಗಿ ಉಳಿಯಲ್ಲ ಅನ್ನೋದನ್ನ ಮೈಸೂರು ಆಗಲೇ ತೋರಿಸಿತ್ತು. ಸರ್ಕಾರಿ ಕೆಲಸದಲ್ಲಿ ಯಾರು ಎಷ್ಟಿದ್ದಾರೆ, ಜನಸಂಖ್ಯೆಯಲ್ಲಿ ಎಷ್ಟಿದ್ದಾರೆ ಅನ್ನೋ ಪ್ರಶ್ನೆ ಎದ್ದಾಗ 1918ರಲ್ಲಿ ಮಿಲ್ಲರ್ ಸಮಿತಿ ರಚನೆ ಆಯ್ತು. ಅದರ ಶಿಫಾರಸಿನ ಮೇಲೆ ಹಿಂದುಳಿದವರಿಗೆ ಕೆಲಸದಲ್ಲಿ ಮೀಸಲು ಬಂತು. ನಂಜನಗೂಡು, ಟಿ. ನರಸೀಪುರ ಎರಡೂ ಇವತ್ತು ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅದು ನಿರ್ಧಾರ ಆಗೋದೂ ಗಣತಿಯ ಅಂಕಿಯಿಂದಲೇ. ನನ್ನ ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪು, ಬಿ.ಇ. ಸೀಟು ಎಲ್ಲದರ ಬೇರು ಅಲ್ಲಿದೆ. ಲಾಂದ್ರ ಹಿಡಿದು ಬಂದು ಎಣಿಸಿದವರಿಗೆ ನಾನು ಋಣಿ.

ಎರಡನೆಯ ಶ್ರೀನಿವಾಸರು ಎಂ.ಎನ್. ಶ್ರೀನಿವಾಸ್. ಮೈಸೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ದೇಶದ ದೊಡ್ಡ ಸಮಾಜಶಾಸ್ತ್ರಜ್ಞ ಅನ್ನಿಸಿಕೊಂಡವರು. ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’, ದಿನಾ ಟಿವಿಯಲ್ಲಿ ಕೇಳೋ ‘ವೋಟ್ ಬ್ಯಾಂಕ್’, ಈ ಮಾತುಗಳೆಲ್ಲ ಅವರ ಬರಹದಿಂದ ಬಳಕೆಗೆ ಬಂದವು. ಅವರು 1948ರಲ್ಲಿ ಒಂದು ಹಳ್ಳಿಗೆ ಹೋಗಿ ಉಳಿದುಕೊಂಡು, ಮನೆಮನೆ ಗಣತಿ ಮಾಡಿ, ಜನ ಹೇಗೆ ಬದುಕ್ತಾರೆ ಅಂತ ಬರೆದುಕೊಂಡರು. ಸುಮಾರು 1,500 ಜನರ ಆ ಹಳ್ಳಿಯನ್ನ ಪುಸ್ತಕದಲ್ಲಿ ‘ರಾಂಪುರ’ ಅಂತ ಕರೆದಿದ್ದಾರೆ. ನಿಜವಾದ ಹೆಸರು ಕೊಡಗಹಳ್ಳಿ. ಟಿ. ನರಸೀಪುರ ತಾಲ್ಲೂಕು. ನಮ್ಮ ಪಕ್ಕದ್ದೇ. ಜಗತ್ತಿನ ಎಷ್ಟೋ ಯೂನಿವರ್ಸಿಟಿಗಳಲ್ಲಿ ‘ಭಾರತದ ಹಳ್ಳಿ’ ಅಂತ ಓದಿಸೋದು ನಮ್ಮ ತಾಲ್ಲೂಕಿನ ಹಳ್ಳಿಯನ್ನ ಅಂತ ನನಗೆ ಗೊತ್ತಾದಾಗ ಮೂವತ್ತು ದಾಟಿತ್ತು.

ಆ ಪುಸ್ತಕದ ಹುಟ್ಟು ನಮ್ಮ ಫೀಲ್ಡಿನವರು ಕೇಳಲೇಬೇಕಾದ ಕತೆ. ಹದಿನೆಂಟು ವರ್ಷ ಕೂತು ಶ್ರೀನಿವಾಸ್ ತಮ್ಮ ಟಿಪ್ಪಣಿಗಳನ್ನ ವಿಂಗಡಿಸಿ ಮೂರು ಪ್ರತಿ ಮಾಡಿಟ್ಟಿದ್ದರು. 1970ರಲ್ಲಿ ಪುಸ್ತಕ ಬರೆಯೋಕೆ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗುವಾಗ ಮೂರನ್ನೂ ತಗೊಂಡು ಹೋದರು. ಏಪ್ರಿಲ್ 24ರಂದು ಯಾರೋ ಅವರಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟರು. ಮೂರೂ ಪ್ರತಿ ಸುಟ್ಟುಹೋಯ್ತು. ಮೂರು ಬ್ಯಾಕಪ್ ಇದ್ದರೂ ಒಂದೇ ಜಾಗದಲ್ಲಿದ್ದರೆ ಒಂದೂ ಇಲ್ಲದಂತೆ ಅನ್ನೋದು ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಹೇಳೋ ಮೊದಲ ಪಾಠ. ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದವು, ಆದರೆ ವರ್ಷಗಳ ದುಡಿಮೆ ಹೋಗಿತ್ತು. ಕೊನೆಗೆ ಅವರು ನೆನಪಿನಿಂದಲೇ ಬರೆಯೋಕೆ ಕೂತರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಬಂತು.

ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಗದ್ದೆ, ನಾಲೆ, ಎತ್ತು, ಪಟೇಲರ ಜಗಲಿ, ಜಗಳ, ನಗು, ಎಲ್ಲಾ ನಮ್ಮೂರೇ. ಅದರಲ್ಲಿ ಎರಡು ಪದ ಬಂದಾಗ ನಿಂತೆ: ‘ಜೀತ’, ‘ಹಳೇಮಗ’. ಸಾಲಕ್ಕೆ ಬದಲಾಗಿ ವರ್ಷಗಟ್ಟಲೆ ಒಬ್ಬರ ಮನೇಲಿ ದುಡಿಯೋದು ಜೀತ. ತಲೆತಲಾಂತರದಿಂದ ಒಂದು ಒಕ್ಕಲು ಮನೆಗೆ ಅಂಟಿಕೊಂಡ ಕೇರಿಯ ಕುಟುಂಬದವನು ಹಳೇಮಗ. ಹೆಸರಲ್ಲಿ ಮಗ, ಊಟಕ್ಕೆ ಹಿತ್ತಲು. ನಮ್ಮ ತಾತ ಎರಡೂ ಆಗಿದ್ದ. ಜನಗಣತಿಯ ಕಾಲಂನಲ್ಲಿ ಅವನು ‘ಕೃಷಿ ಕಾರ್ಮಿಕ’ ಆಗಿರಬಹುದು. ಜೀತ ಅನ್ನೋದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಅಪ್ಪ ಒಂದು ಮಾತು ಹೇಳ್ತಿದ್ದ: “ಹೊಲದ ಹೆಸ್ರು ಇರೋದು ನಮ್ಗೆ, ಹೊಲ ಇರೋದು ಅವ್ರಿಗೆ.”

ಆದರೆ ಆ ಪುಸ್ತಕದಲ್ಲಿ ಕೇರಿಯ ಒಳಗೆ ಹೋಗೋಕೆ ಆಗಲ್ಲ. ಶ್ರೀನಿವಾಸ್ ಇದ್ದದ್ದು ಊರಿನ ಯಜಮಾನರ ಆಸರೆಯಲ್ಲಿ. ತಾನು ಕಂಡದ್ದು ಮೇಲ್ಜಾತಿಯ ಕಡೆಯಿಂದ ಕಾಣುವ ಹಳ್ಳಿ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅದು ಅವರ ದೊಡ್ಡತನ. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಕೇರಿಯ ಒಳಗಿನ ಮಾತು ಬರೆಯೋಕೆ ಒಳಗಿನವರೇ ಬರಬೇಕಾಯ್ತು. ನಂಜನಗೂಡು ತಾಲ್ಲೂಕಿನ ದೇವನೂರಿನ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರಲ್ಲಿ ಬಂತು. ಮೊದಲ ಸಲ ಓದಿದಾಗ ನನಗೆ ಆಶ್ಚರ್ಯ ಆದದ್ದು ಕತೆಗಿಂತ ಭಾಷೆ. ನಮ್ಮಜ್ಜಿ ಮಾತಾಡೋ ಹಂಗೆ ಒಂದು ಪುಸ್ತಕ ಅಚ್ಚಾಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಬದುಕು ಯಾವಾಗ ಬದಲಾಯ್ತು? ಎಲ್ಲರಿಗೂ ಒಂದೇ ಸಲ ಅಲ್ಲ. ನಮ್ಮ ಸೀಮೆಯಲ್ಲಿ ನೀರು ಯಾವ ಕಡೆ ಹರಿಯಿತು ಅನ್ನೋದರ ಮೇಲೆ ಬಹಳ ನಿಂತಿದೆ. ಟಿ. ನರಸೀಪುರದ ಕಡೆ ಮಾಧವಮಂತ್ರಿ ಅಣೆಕಟ್ಟಿನ ಕಾಲದಿಂದ ನಾಲೆ, ಭತ್ತ. ನಂಜನಗೂಡಿನ ದಕ್ಷಿಣಕ್ಕೆ, ಬದನವಾಳು, ಕವಲಂದೆ ಕಡೆ ಒಣಭೂಮಿ. ಬದನವಾಳಿನಲ್ಲಿ 1920ರ ದಶಕದಲ್ಲೇ ಖಾದಿ ಕೇಂದ್ರ ಬಂದು ಹೆಂಗಸರು ನೂಲು ತೆಗೆಯೋಕೆ ಕೂತಿದ್ದೂ ಸುಮ್ಮನೆ ಅಲ್ಲ. ಹೊಲದಲ್ಲಿ ವರ್ಷಪೂರ್ತಿ ಕೆಲಸ ಇರಲಿಲ್ಲ. 1970ರ ದಶಕದಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಇನ್ನಷ್ಟು ಊರಿಗೆ ನೀರು ಬಂತು.

ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನೋ ಸಂಶೋಧಕಿ 1950ರ ದಶಕದಲ್ಲಿ ಮಂಡ್ಯ ಕಡೆಯ ಎರಡು ಹಳ್ಳಿಗಳನ್ನ ಅಧ್ಯಯನ ಮಾಡಿ 1962ರಲ್ಲಿ ಪುಸ್ತಕ ತಂದರು. ಒಂದಕ್ಕೆ ನಾಲೆ ನೀರು ಸಿಕ್ಕಿತ್ತು, ಇನ್ನೊಂದು ಎತ್ತರದಲ್ಲಿತ್ತು, ಸಿಗಲಿಲ್ಲ. ಅವರು ಕಂಡದ್ದು ನಾವು ಊಹಿಸೋದರ ತಿರುವುಮುರುವು. ನೀರು ಸಿಕ್ಕ ಹಳ್ಳಿ ದುಡ್ಡು ಕಂಡಿತು, ಆದರೆ ಹಳೆಯ ಯಜಮಾನಿಕೆ, ಹಳೆಯ ಆಳು-ಒಡೆಯ ಸಂಬಂಧ ಹಾಗೇ ಉಳಿಯಿತು. ನೀರಿಲ್ಲದ ಹಳ್ಳಿಯವರು ಹೊಟ್ಟೆಪಾಡಿಗೆ ಹೊರಗೆ ಹೋದರು, ವ್ಯಾಪಾರ, ನೌಕರಿ ಹಿಡಿದರು, ಹಳೆಯ ಕಟ್ಟು ಅಲ್ಲೇ ಮೊದಲು ಸಡಿಲ ಆಯ್ತು. ಇದನ್ನ ಓದಿದಾಗ ನಮ್ಮ ಮನೆ ಕತೆ ಅರ್ಥ ಆಯ್ತು. ನಮಗೆ ಭೂಮಿನೇ ಇರಲಿಲ್ಲ, ನೀರು ಬಂದರೆಷ್ಟು ಬಿಟ್ಟರೆಷ್ಟು. 1976ರ ಕಾಯಿದೆಯಿಂದ ಜೀತ ಹೋಯ್ತು. ಜನತಾ ಮನೆ ಬಂತು. ಅಪ್ಪ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೋಡಿಂಗ್ ಕೆಲಸಕ್ಕೆ ಸೈಕಲ್ ತುಳಿದ. ಅವ್ವ ಮದುವೆಗೆ ಮುಂಚೆ ಗೂಡು ಬೇಯಿಸಿ ರೇಷ್ಮೆ ಎಳೆ ತೆಗೆಯೋ ಕಡೆ ಕೂಲಿಗೆ ಹೋಗ್ತಿದ್ದಳು. ಮೈಸೂರು ಸಿಲ್ಕ್ ಸೀರೆ ಅಂತ ನಾವು ಅನ್ನೋದರ ನೂಲು ಇವತ್ತಿಗೂ ಟಿ. ನರಸೀಪುರದ ಫಿಲೇಚರ್‌ನಲ್ಲಿ ತಯಾರಾಗುತ್ತೆ. ಕೇರಿಯನ್ನ ಬಿಡಿಸಿದ್ದು ನಾಲೆ ಅಲ್ಲ. ಕೂಲಿ, ಬಸ್ಸು, ಹಾಸ್ಟೆಲು.

ಬಿಡಿಸಿದ್ದು ಅಂದೆ. ಎಷ್ಟು ಬಿಡಿಸಿದೆ ಅನ್ನೋದು ಬೇರೆ ಮಾತು. 2011ರಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ 30,01,127. ಅದರಲ್ಲಿ ನೂರಕ್ಕೆ ಹೆಚ್ಚುಕಮ್ಮಿ 18 ಜನ ಪರಿಶಿಷ್ಟ ಜಾತಿಯವರು. ನಂಜನಗೂಡು ಪೇಟೆಯಲ್ಲಿ ಆಗ ಐವತ್ತು ಸಾವಿರದಷ್ಟು ಜನ. ಅದಾದ ಮೇಲೆ 2021ರ ಗಣತಿ ನಡೆಯಲೇ ಇಲ್ಲ. ನಾವು ಇವತ್ತು ಊರಿನ ಬಗ್ಗೆ ಮಾತಾಡೋದೆಲ್ಲ ಸ್ಮಾರ್ಟ್‌ಫೋನ್ ಬರೋದಕ್ಕೆ ಮುಂಚಿನ ಅಂಕಿ ಇಟ್ಟುಕೊಂಡು.

ಇಲ್ಲಿ ಸ್ವಲ್ಪ ಅಮೆರಿಕಕ್ಕೆ ಹೋಗಿಬರಬೇಕು. ನಮ್ಮ ಕ್ಲೈಂಟ್ ಕಂಪನಿ ಅಲ್ಲಿನ ಒಂದು ಮಧ್ಯಮ ಗಾತ್ರದ ನಗರದಲ್ಲಿದೆ. ಬಡಾವಣೆ ಬಡಾವಣೆಗೂ ಯಾರು ಎಷ್ಟಿದ್ದಾರೆ, ಬಾಡಿಗೆ ಎಷ್ಟು, ಆದಾಯ ಎಷ್ಟು ಅನ್ನೋ ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದು ನಮ್ಮ ಟೀಮು. ಅಮೆರಿಕದಲ್ಲಿ 72 ವರ್ಷ ಆದ ಮೇಲೆ ಗಣತಿಯ ಹಾಳೆಗಳನ್ನ ಹೆಸರು ಸಮೇತ ಎಲ್ಲರಿಗೂ ತೆರೆದಿಡ್ತಾರೆ. 1950ರ ಹಾಳೆಗಳು ತೆರೆದದ್ದು 2022ರ ಏಪ್ರಿಲ್ 1ಕ್ಕೆ. ಅಲ್ಲಿನ ನನ್ನ ಸಹೋದ್ಯೋಗಿ, ಕಪ್ಪು ಜನಾಂಗದವನು, ಅವತ್ತು ತನ್ನಜ್ಜಿಯ ಹೆಸರು, ಬೀದಿ, ಕೆಲಸ ಇರೋ ಸಾಲನ್ನ ಸ್ಕ್ರೀನ್ ಶೇರ್ ಮಾಡಿ ತೋರಿಸಿದ. ನನಗೆ ಹೊಟ್ಟೆಕಿಚ್ಚಾಯ್ತು. ಅದನ್ನ ಹೇಳಿಯೂಬಿಟ್ಟೆ. ಅವನು ನಕ್ಕು ಹೇಳಿದ, ಹಿಂದಕ್ಕೆ ಹುಡುಕಿಕೊಂಡು ಹೋದರೆ 1870ಕ್ಕೆ ಗೋಡೆ ಬರುತ್ತೆ ಅಂತ. 1850, 1860ರ ಗಣತಿಯಲ್ಲಿ ಗುಲಾಮರನ್ನ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡು-ಹೆಣ್ಣು, ಬಣ್ಣ ಅಷ್ಟೇ ಬರೆದು ಎಣಿಸಿದರು. ಹೆಸರು ಬರೆಯಲಿಲ್ಲ. ಕಪ್ಪು ಜನರೆಲ್ಲರ ಹೆಸರೂ ಗಣತಿಗೆ ಬಂದದ್ದು 1870ರಲ್ಲಿ.

ನಮ್ಮಲ್ಲಿ ಗಣತಿಯ ವೈಯಕ್ತಿಕ ಮಾಹಿತಿ ಗುಟ್ಟು. 1948ರ ಜನಗಣತಿ ಕಾಯಿದೆ ಪ್ರಕಾರ ಅದನ್ನ ಯಾರಿಗೂ ತೋರಿಸುವಂತಿಲ್ಲ. ನಮಗೆ ಸಿಗೋದು ಒಟ್ಟು ಮೊತ್ತ ಮಾತ್ರ. ಜಾತಿ ಬರೆದುಕೊಳ್ಳೋ ದೇಶದಲ್ಲಿ ಆ ಗುಟ್ಟು ಒಳ್ಳೆಯದೇ ಅನ್ನಿಸುತ್ತೆ. ಆದರೂ ಅಜ್ಜಿಯ ಒಂದು ಸಾಲು ನೋಡೋಕೆ ಆಗಿದ್ದರೆ ಅಂತ ಆಸೆ.

ಈಗ ಮೇ ತಿಂಗಳ ಆ ಭಾನುವಾರಕ್ಕೆ ವಾಪಸ್ ಬರ್ತೀನಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿ ಕೊಡಬಹುದು ಅಂತ ತೀರ್ಪು ಕೊಟ್ಟಿತ್ತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಯಾರು ಎಷ್ಟಿದ್ದಾರೆ ಅಂತ ತಿಳಿಯೋಕೆ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿಸ್ತು. ಅಲ್ಲಿ ಬಂದ ದೊಡ್ಡ ತೊಡಕೇ ಎ.ಕೆ., ಎ.ಡಿ. ಆದಿ ಕರ್ನಾಟಕ ಅಂದರೆ ನಮ್ಮ ಮೈಸೂರು ಕಡೆ ಒಂದು ಜಾತಿ, ಬೇರೆ ಕೆಲವು ಜಿಲ್ಲೆಗಳಲ್ಲಿ ಇನ್ನೊಂದು. ನೂರು ವರ್ಷದ ಹಿಂದೆ ಮರ್ಯಾದೆಗೆ ಕೊಟ್ಟ ಹೆಸರು ಈಗ ಲೆಕ್ಕಕ್ಕೆ ಅಡ್ಡ ಬಂತು. ಯಾರು ಹೆಚ್ಚು ಹಿಂದೆ ಉಳಿದಿದ್ದಾರೆ ಅಂತ ತಿಳಿಯಬೇಕಾದರೆ ಆ ಹೆಸರಿನ ಅಡಿಗೆ ಕೈಹಾಕಲೇಬೇಕು. ನ್ಯಾಯವಾಗಿ ನೋಡಿದರೆ ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅವ್ವನಿಗೆ ಹೇಳಿಕೊಟ್ಟ ಉತ್ತರ ‘ಹೊಲೆಯ’. ಅವ್ವ ದನಿ ಇಳಿಸಿ ಹೇಳಿದ್ದು ಅದನ್ನ.

ಐದು ತಿಂಗಳಾದ ಮೇಲೆ, ಅಕ್ಟೋಬರಿನಲ್ಲಿ, ರಾಜ್ಯದ ಎಲ್ಲಾ ಜಾತಿಯವರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬೆಂಗಳೂರಿಗೆ ಬಂತು. ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿಗೆ ಒಬ್ಬರು ಟೀಚರಮ್ಮ ಬಂದರು. ಬಿಸಿಲಲ್ಲಿ ತಿರುಗಿ ಸುಸ್ತಾಗಿದ್ದರು. ಪಕ್ಕದ ಮನೆ ಆಂಟಿ ಅವರಿಗೆ ನೀರು ಕೊಟ್ಟು ಕಾರಿಡಾರಲ್ಲೇ ಕುರ್ಚಿ ಹಾಕಿ ಕೂರಿಸಿದ್ದರು. ಎದುರು ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ಅವರವರ ಜಾತಿ, ಉಪಜಾತಿ, ಗೋತ್ರ ಎಲ್ಲಾ ನಗುನಗುತ್ತಾ ಹೇಳಿ ಬರೆಸುತ್ತಿದ್ದರು. ನನ್ನ ಸರದಿ ಬಂತು.

“ಮೇಡಂ, ನಮ್ದು ಊರಲ್ಲೇ ಬರ್ಸಿದೀವಿ” ಅಂದೆ.

ಅವರು ಸರಿ ಸರ್ ಅಂದು ಮುಂದಿನ ಬಾಗಿಲಿಗೆ ಹೋದರು. ನಾನು ಬರೆಸಿದ್ದು ಬೇರೆ ಸಮೀಕ್ಷೆಗೆ. ಇದಕ್ಕೆ ಎಲ್ಲೂ ಬರೆಸಿರಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಏಳು ವರ್ಷದ ಮಗಳು ಕೇಳಿದಳು, “ಅಪ್ಪಾ, ಊರಲ್ಲಿ ಏನ್ ಬರ್ಸಿದೀವಿ?”

ಉತ್ತರ ಬರಲಿಲ್ಲ. ಮೇ ತಿಂಗಳಲ್ಲಿ “ಊರಲ್ಲೇ ಬರ್ಸವ್ವ” ಅಂತ ಯಾಕಷ್ಟು ಬೇಗ ಹೇಳಿದೆ ಅನ್ನೋದು ಆಗ ಹೊಳೀತು. ಅದು ಊರಿನ ಪ್ರೀತಿ ಆಗಿರಲಿಲ್ಲ. ಈ ಕಾರಿಡಾರಿನ ಭಯ. ಇಲ್ಲಿ ನಾನು ಮೈಸೂರು ಕಡೆಯವನು, ಸಾಫ್ಟ್‌ವೇರ್‌ನವನು, ಅಷ್ಟೇ. ಅದರಾಚೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಹೇಳಿದರೆ ಏನಾಗ್ತಿತ್ತೋ ಗೊತ್ತಿಲ್ಲ. ಏನೂ ಆಗದೇ ಇರಬಹುದಿತ್ತು. ಅದನ್ನ ಪರೀಕ್ಷೆ ಮಾಡೋ ಧೈರ್ಯ ನನಗಿರಲಿಲ್ಲ. ಅಜ್ಜಿಯ ಸಾಲು ಯಾಕೆ ಸಿಗಲಿಲ್ಲ ಅಂತ ಮಾಸ್ತಿಯವರ ವರದಿ ಹುಡುಕ್ತೀನಿ, ಶ್ರೀನಿವಾಸ್ ಯಾಕೆ ಕೇರಿಗೆ ಬರಲಿಲ್ಲ ಅಂತ ಕೇಳ್ತೀನಿ. ನನ್ನ ಬಾಗಿಲಿಗೇ ಬಂದವರನ್ನ ಮಾತ್ರ ವಾಪಸ್ ಕಳಿಸಿದೆ.

ಮುಂದಿನ ಜನಗಣತಿ 2027ಕ್ಕೆ. ಮಾರ್ಚ್ 1ನೇ ತಾರೀಕಿನ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲಿನ ಜನಗಣತಿಗಳಲ್ಲಿ ಮೊದಲ ಸಲ ಎಲ್ಲರ ಜಾತಿಯನ್ನೂ ಕೇಳ್ತಾರೆ. ಸಾಮಾನ್ಯವಾಗಿ ಎಲ್ಲಿ ವಾಸ ಇರ್ತೀವೋ ಅಲ್ಲೇ ನಮ್ಮ ಲೆಕ್ಕ, ಹಾಗಾಗಿ ಊರಲ್ಲಿ ಬರೆಸಿದೀವಿ ಅನ್ನೋದು ನಡೆಯಲ್ಲ. ಮೊಬೈಲಲ್ಲೇ ತುಂಬಿ ಕಳಿಸೋ ಸೌಲಭ್ಯವೂ ಇರುತ್ತಂತೆ. ಒಂದು ಕಾಲಕ್ಕೆ ಅದನ್ನೇ ಹುಡುಕಿಕೊಂಡು ಹೋಗ್ತಿದ್ದೆ. ಈ ಸಲ ಬಾಗಿಲು ತೆಗೆದು, ನಾನೂ ಒಂದು ಕುರ್ಚಿ ಹಾಕಿ, ಮಗಳನ್ನ ಪಕ್ಕ ಕೂರಿಸಿಕೊಂಡು ಹೇಳಬೇಕು ಅಂದುಕೊಂಡಿದೀನಿ. ದನಿ ಎಷ್ಟು ಏಳುತ್ತೋ ನೋಡಬೇಕು.

ಇದನ್ನೆಲ್ಲ ಅವ್ವನಿಗೆ ಫೋನಲ್ಲಿ ಹೇಳಿದೆ. ಕಾರಿಡಾರಿನ ವಿಷಯಾನೂ ಬಿಡಲಿಲ್ಲ. ಅವ್ವ ಬೈಯಲಿಲ್ಲ. “ನಾನೂ ಮೆಲ್ಗೇ ಏಳ್ದಿ ಕಣ” ಅಂದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನೀನು ಅಲ್ಲೇ ಬರುಸ್ಕಂಡ್ರೆ, ಈ ಮನೇಲಿ ನಾನೊಬ್ಳೇನಾ ಮೊಗ?”

ಹೂಂ ಅಂದೆ. ಗಣತಿಯ ಪಟ್ಟಿಯಲ್ಲಿ ಅದಕ್ಕೂ ಒಂದು ಕಾಲಂ ಇದೆ: ಒಬ್ಬರೇ ಇರುವ ಕುಟುಂಬ. ಆ ಶನಿವಾರ ಊರಿಗೆ ಬಸ್ ಹತ್ತಿದೆ.